ಹಿಂದೆ ಕೂತವರು

ಆ ಮನೆಯಲ್ಲಿ ಬೈಕು ಓಡಿಸುವವನು ಗಂಡ, ನೋಡಿಕೊಳ್ಳುವವಳು ಹೆಂಡತಿ. ಮದುವೆಯಾದಾಗಿನಿಂದಲೂ ಹೀಗೇ. ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ದಿನವಿಡೀ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಅವಳಿಗೆ ಕೂದಲೆಳೆಯಷ್ಟು ವ್ಯತ್ಯಾಸವೂ ಕಣ್ಣಿಗೆ ಚುಚ್ಚುತ್ತಿತ್ತು. ಚೈನು ಬಿಗಿಯುವುದು, ಎಣ್ಣೆ ಬಿಡುವುದು, ಪ್ಲಗ್ ಬಿಚ್ಚಿ ಮಸಿ ಕೆರೆಯುವುದು ಎಲ್ಲ ಅವಳದೇ.

ಗಂಡ ಹಿಟ್ಟಿನ ಮಿಲ್ಲಿನಲ್ಲಿ ತೂಕ ನೋಡುವವನು. ಸಂಜೆ ತಲೆಯಿಂದ ಬೂಟಿನವರೆಗೆ ಬೆಳ್ಳಗಾಗಿ ಬಂದು, ಇಕ್ಕಟ್ಟಾದ ಹಜಾರದೊಳಗೆ ಬೈಕನ್ನು ತಳ್ಳಿ ನಿಲ್ಲಿಸುತ್ತಿದ್ದ. ತಳ್ಳುವಾಗ ಹಿಂದಿನ ಫುಟ್‌ರೆಸ್ಟು ಕಾಲಿಗೆ ಬಡಿಯುತ್ತದೆಂದು, ಭಾನುವಾರದ ಸುತ್ತಾಟ ಮುಗಿದ ಕೂಡಲೇ ಅವಳು ಎರಡನ್ನೂ ಮಡಚಿಬಿಡುತ್ತಿದ್ದಳು. ಆ ಸೀಟಿನಲ್ಲಿ ಕೂರುವವಳು ಅವಳೊಬ್ಬಳೇ.

ಈಚೆಗೆ ಭಾನುವಾರ ಬಂತೆಂದರೆ ಗಂಡನಿಗೆ ತಲೆನೋವು. ಸುತ್ತಾಟ ನಿಂತೇಹೋಗಿತ್ತು. ಹಾಗಿರುವಾಗ ಒಂದು ಸಂಜೆ ಚೈನಿಗೆ ಎಣ್ಣೆ ಬಿಡಲು ಕುಳಿತವಳು ನೋಡುತ್ತಾಳೆ, ಎರಡೂ ಫುಟ್‌ರೆಸ್ಟು ಕೆಳಗಿವೆ.

"ರೀ, ಹಿಂದೆ ಯಾರನ್ನ ಕೂರಿಸ್ಕೊಂಡಿದ್ರಿ?"

"ಯಾರನ್ನೂ ಇಲ್ವಲ್ಲ."

"ಮತ್ತೆ ಇದು ತಾನಾಗೇ ಇಳೀತಾ?"

"ಗುಂಡೀಲಿ ಬಿದ್ದಾಗ ಇಳಿದಿರ್ಬೇಕು ಕಣೇ. ನಿಂಗೆ ಎಲ್ಲದರಲ್ಲೂ ಪತ್ತೇದಾರಿಕೆ."

ಅವನು ಒಳಗೆ ಹೋದ ಮೇಲೆ ಅವಳು ಎರಡನ್ನೂ ಮಡಚಿ, ಬೈಕಿನ ಹಿಂಭಾಗವನ್ನು ಮೈಭಾರ ಹಾಕಿ ಕುಲುಕಿದಳು. ಜಪ್ಪಯ್ಯ ಅಂದರೂ ಅವು ಇಳಿಯಲಿಲ್ಲ. ಮರುದಿನ ಸಂಜೆ ಮತ್ತೆ ಇಳಿದಿದ್ದವು. ರಬ್ಬರಿನ ಗೀರುಗಳಲ್ಲಿ ಹಿಟ್ಟು.

ಹಿಟ್ಟೆಂದರೆ ಮಿಲ್ಲಿನವರೇ. ಅಲ್ಲಿ ಬಿಲ್ ಬರೆಯುವವಳೊಬ್ಬಳಿದ್ದಳು. ಗಂಡನಿಗೆ ಫೋನ್ ಮಾಡಿದರೆ ಅವನ ಮಾತಿಗಿಂತ ಮೊದಲು ಅವಳ ನಗು ಕೇಳಿಸುತ್ತಿತ್ತು. ಓರೆಯಾಗಿ ಕೂತಿದ್ದರೆ ಒಂದೇ ಫುಟ್‌ರೆಸ್ಟು ಇಳಿಯಬೇಕಿತ್ತು. ಎರಡೂ ಇಳಿದಿವೆ ಎಂದರೆ ಎರಡೂ ಕಡೆ ಕಾಲು ಹಾಕಿ, ಒತ್ತಿಕೊಂಡು ಕೂರುವವಳು! ಸಾಲದ್ದಕ್ಕೆ ಕನ್ನಡಿಗಳೂ ಮೇಲಕ್ಕೆ ತಿರುಗಿದ್ದವು. ಗಂಡ ಹೆಂಡತಿ ಇಬ್ಬರದೂ ಒಂದೇ ಎತ್ತರ. ಮುಂದಿನ ಸೀಟಿನಲ್ಲಿ ಕೂತು ನೋಡಿದರೆ ಅವುಗಳಲ್ಲಿ ಹಿಂದಿನ ಬೀದಿ ಕಾಣಲಿಲ್ಲ, ಬರೀ ಹಜಾರದ ಚಾವಣಿ. ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯಲಿಲ್ಲ.

ಮರುದಿನ ಅಂಗಡಿಯಿಂದ ಬೇಗ ಹೊರಟು, ಬೀದಿಯ ತಿರುವಿನ ಔಷಧಿ ಅಂಗಡಿಯ ಬಾಗಿಲ ಹಿಂದೆ ನಿಂತಳು. ತಾನೇ ಎಣ್ಣೆ ಬಿಟ್ಟ ಚೈನಿನ ಸದ್ದು ದೂರದಿಂದಲೇ ಗುರುತು ಸಿಕ್ಕಿತು. ಬೈಕು ಬಂದು ನಿಂತಿತು. ಮುಂದೆ ಕೂತಿದ್ದವನು ಮಿಲ್ಲಿನಲ್ಲಿ ಮೂಟೆ ಹೊರುವ, ಎಲ್ಲರೂ ಏಣಿ ಎಂದು ಕರೆಯುವ ಆರಡಿ ಆಳು. ಹಿಂದೆ, ಬುತ್ತಿ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಅವಳ ಗಂಡ! ಏಣಿ ಇಳಿದು ಪಕ್ಕದ ಬೀದಿಗೆ ನಡೆದ. ಗಂಡ ಮುಂದಕ್ಕೆ ಜರುಗಿ, ಎದೆ ಸೆಟೆಸಿ, ಮನೆ ಕಡೆ ಬೈಕು ಓಡಿಸಿದ.

ಅವಳು ಹಿಂದೆಯೇ ಮನೆಗೆ ಬಂದಳು.

"ಇವತ್ತೂ ಗುಂಡೀಲಿ ಬಿತ್ತೇನ್ರೀ?"

"ಹೂಂ ಕಣೇ, ದೊಡ್ಡ ಗುಂಡಿ."

"ಹೌದೌದು, ಆರಡಿ ಇತ್ತು. ಹೆಲ್ಮೆಟ್ ಬೇರೆ ಹಾಕ್ಕೊಂಡಿತ್ತು."

ಅವನು ಮೆಟ್ಟಿಲ ಮೇಲೆ ಕೂತ. "ಮಿಲ್ಲಿನ ದಾರೀಲಿ ಮೇಲ್ಸೇತುವೆ ಇಳಿಯೋ ಹತ್ರ ಲಾರಿಯೊಂದು ತೋಳು ಸವರಿಕೊಂಡು ಹೋಯ್ತು. ಗಾಯ ಏನೂ ಆಗ್ಲಿಲ್ಲ. ಆದ್ರೆ ಅವತ್ತಿಂದ ಆ ಜಾಗ ಬಂದ್ರೆ ಬ್ರೇಕಿಂದ ಕೈ ಬರೋದೇ ಇಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಬೈಕ್ ಮಾರಿಬಿಡಿ ಅಂದ್ರೆ?"

"ಎಣ್ಣೆ ಬಿಟ್ಟು ಸಾಕಿದೋಳು ಮಾರ್ತಾಳೇನ್ರೀ? ನಾನು ಏನೇನೆಲ್ಲಾ ಅಂದ್ಕೊಂಡೆ ಗೊತ್ತಾ?"

"ಏನು?"

"ಬೇಡ ಬಿಡಿ."

ಭಾನುವಾರ ಬೆಳಕು ಹರಿಯುವ ಹೊತ್ತಿಗೆ, ಮೇಲ್ಸೇತುವೆ ಖಾಲಿಯಿರುವಾಗ, ಅವನ ಹಿಂದೆ ಕೂತು ಹೊರಟಳು. ಅವನು ನಡುವೆ ಎರಡು ಸಲ ನಿಲ್ಲಿಸಿದ. ಅವಳು ಇಳಿಯಲಿಲ್ಲ. ಬೆನ್ನ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಳು. ಮನೆಗೆ ಬಂದು ಬೈಕು ತೊಳೆದು, ಫುಟ್‌ರೆಸ್ಟುಗಳನ್ನು ಒರೆಸಿ ಮಡಚಿಟ್ಟಳು.

ಸೋಮವಾರ ಸಂಜೆ ಅವು ಮಡಚಿಯೇ ಇದ್ದವು.

"ಪೂರ್ತಿ ನಾನೇ ಓಡಿಸ್ದೆ," ಎಂದ ಗಂಡ.

ಅವಳು ಬಗ್ಗಿ ರಬ್ಬರಿನ ಮೇಲೆ ಬೆರಳಾಡಿಸಿದಳು. ಬೆರಳು ಬೆಳ್ಳಗಾಯಿತು. "ಮಡಚೋದು ಕಲಿತ್ರಿ. ಒರೆಸೋದು ಕಲೀಲಿಲ್ಲ."

ಅವನು ನಾಲಿಗೆ ಕಚ್ಚಿಕೊಂಡ. "ಬೆಳಿಗ್ಗೆ ಮಾತ್ರ ಏಣಿ ಕಣೇ. ಸಂಜೆ ನಾನೇ, ನಿನ್ನಾಣೆ."

ಆಣೆಯನ್ನು ನಂಬುವ ಪೈಕಿಯವಳಲ್ಲ ಅವಳು. ಮುಂದಿನ ಸೀಟಿನಲ್ಲಿ ಕೂತು ಕನ್ನಡಿ ನೋಡಿದಳು. ಏಣಿಯ ಎತ್ತರಕ್ಕೆ ತಿರುಗಿಸಿದ್ದಾಗ ಕಂಡ ಚಾವಣಿ ಈಗ ಇರಲಿಲ್ಲ. ಹೊಸ್ತಿಲು, ಅದರಾಚೆ ಬೀದಿ, ಬೀದಿಯ ಕೊನೆಯವರೆಗೂ. ಎರಡರಲ್ಲೂ.

ಇಳಿದು, ಬಟ್ಟೆ ತಂದು ರಬ್ಬರನ್ನು ಗೀರು ಗೀರಾಗಿ ಒರೆಸಿದಳು. ನಾಳೆ ಮತ್ತೆ ನೋಡಬೇಕಲ್ಲ.