ಅವ್ವ ಕರೀಲಾಕತ್ತಾಳ, ಜಲ್ದಿ ಬಾ

ಲೀಲಾಬಾಯಿ ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಟೈಪಿಂಗ್ ಕಲಿಸಿದರು. ಮನೆಮಾತು ಮರಾಠಿ, ಕಲಿಸಿದ್ದು ಕನ್ನಡ ಮತ್ತು ಇಂಗ್ಲಿಷ್. ಮದುವೆಯಾಗಲಿಲ್ಲ. ವಿದ್ಯಾರ್ಥಿಗಳ ಕೈಮೇಲೆ ಬಟ್ಟೆ ಹಾಸಿ, ಕೀಲಿ ನೋಡದೆ ಹೊಡೆಯಿರಿ ಅನ್ನುತ್ತಿದ್ದರು. ಅವರ ಕೈಯಿಂದ ಬಂದ ಹಾಳೆಯಲ್ಲಿ ತಪ್ಪು ಕಂಡವರಿಲ್ಲ ಎಂದು ಊರಲ್ಲಿ ಹೇಳುತ್ತಿದ್ದರು, ಅವರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಕಲಿಯುವವರು ಬರುವುದು ನಿಂತು ಇನ್‌ಸ್ಟಿಟ್ಯೂಟ್ ಮುಚ್ಚಿದಾಗ ಮೆಹಕರದಲ್ಲಿದ್ದ ತಮ್ಮನಾದ ಗುರುನಾಥನ ಮನೆಗೆ ಹೋದರು.

ಮೆಹಕರದ ಹಲವು ಮನೆಗಳವರು ಕುರಿ ಸಾಕುತ್ತಾರೆ. ವರ್ಷದ ಅರ್ಧ ಕಾಲ ಗಂಡಸರು ಮಂದೆಯೊಂದಿಗೆ ಔರಾದ ಕಡೆಯ ಗುಡ್ಡಗಳಲ್ಲಿರುತ್ತಾರೆ. ಅಲ್ಲಿ ಯಾವ ಕಂಪನಿಯ ಸಿಗ್ನಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಕುರಿಗಾರರ ಸಂಘ ತನ್ನದೇ ಒಂದು ಸಣ್ಣ ಮೊಬೈಲ್ ನೆಟ್‌ವರ್ಕ್ ಹಾಕಿಕೊಂಡಿತು. ಸಂಘದ ಮನೆಯ ಮೇಲೊಂದು ಕಂಬ, ಔರಾದದ ಗುಡ್ಡದ ಮೇಲೊಂದು ಕಂಬ, ಸದಸ್ಯರಿಗೆಲ್ಲ ನಾಲ್ಕು ಅಂಕಿಯ ನಂಬರು. ನೋಡಿಕೊಳ್ಳುತ್ತಿದ್ದವನು ಬೀದರಿನ ಚಿದ್ರಿಯ ವಿನೀತ ಎಂಬ ಇಂಜಿನಿಯರ್. ಗುಡ್ಡದಾಚೆ ಮಾತು ತುಂಡು ತುಂಡಾಗುತ್ತಿತ್ತು. ಬರೆದ ಸಂದೇಶ ಮಾತ್ರ ತಪ್ಪದೆ ಮುಟ್ಟುತ್ತಿತ್ತು. ಚಾರ್ಜ್ ಉಳಿಸಲು ಕುರಿಗಾರರು ಫೋನು ಬಂದ್ ಮಾಡಿಟ್ಟರೆ, ತೆರೆಯುವತನಕ ಸಂದೇಶ ಕಾದಿರುತ್ತಿತ್ತು.

ಫೋನಿನ ಸಣ್ಣ ಗುಂಡಿಗಳ ಮೇಲೆ ಲೀಲಾಬಾಯಿಯ ಹೆಬ್ಬೆರಳು ಓಡುತ್ತಿರಲಿಲ್ಲ. ವಿನೀತ ಅದನ್ನು ಗಮನಿಸಿದ್ದ. ಫೋನನ್ನು ಮುಟ್ಟದೆ, ಸಂಘದ ಕಂಪ್ಯೂಟರಿನ ಕೀಲಿಮಣೆಯಿಂದಲೇ ಸಂದೇಶ ಕಳಿಸುವ ವ್ಯವಸ್ಥೆಯೊಂದನ್ನು ಅವನು ಸದಸ್ಯರಿಗೆ ಮಾಡಿಕೊಟ್ಟ. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಕಪ್ಪು ಪರದೆ, ಅದರ ಮೇಲೆ ಮಿಣುಕುವ ಒಂದು ಗೆರೆ. ತನ್ನ ಹೆಸರು, ಗುಪ್ತಪದ ಕೊಟ್ಟು ಒಳಗೆ ಹೋಗಿ, ‘ಕಳಿಸು’ ಎಂದು ಹೊಡೆದು, ನಂಬರು ಹೊಡೆದು, ಹೇಳಬೇಕಾದ್ದನ್ನು ಹೊಡೆದರೆ ಮುಗಿಯಿತು. ‘ಓದು’ ಅಂದರೆ ಬಂದ ಸಂದೇಶಗಳು, ‘ಪಟ್ಟಿ’ ಅಂದರೆ ಕಳಿಸಿದವು.

ಮೊದಲ ದಿನ ಆ ಕಪ್ಪು ಪರದೆಯ ಮುಂದೆ ಕೂತಾಗ ಲೀಲಾಬಾಯಿಗೆ ಕಳೆದುಹೋದ ಕೆಲಸ ವಾಪಸ್ ಬಂದಂತಾಯಿತು. ಆರು ತಿಂಗಳಲ್ಲಿ ಓದುಬರಹ ಬಾರದ ಹೆಂಗಸರೆಲ್ಲ ಸಂಘದ ಮನೆಗೆ ಬಂದು ಅವರ ಪಕ್ಕ ಕೂತು ಹೇಳಿ ಬರೆಸುವುದು ರೂಢಿಯಾಯಿತು. ಔಷಧಿ ತಾ, ಕುರಿ ಈದದ್ದು ಹೇಳು, ಹಬ್ಬಕ್ಕೆ ಬರುತ್ತೀಯೋ ಇಲ್ಲವೋ. ಅವರು ಹೇಳಿದ ಮಾತನ್ನೇ ಲೀಲಾಬಾಯಿ ಬರೆಯುತ್ತಿದ್ದರು, ಒಂದಕ್ಷರ ತಿದ್ದುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಕಡಲೆ ಕೀಳುವ ಕಾಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆರತಿ ಓಡುತ್ತ ಬಂದಳು. ಅವಳ ಅತ್ತೆ ಸತ್ಯಮ್ಮ ತಿಂಗಳಿಂದ ಹಾಸಿಗೆ ಹಿಡಿದಿದ್ದಳು, ಕಣ್ಣೂ ಮಂಜಾಗಿತ್ತು. ಅಂದು ಉಸಿರು ಕೆಟ್ಟಿತ್ತು. ಮಗ ಅಶೋಕಕುಮಾರ ಗುಡ್ಡದಲ್ಲಿದ್ದ. ಮುದುಕಿ ಅವನ ಹೆಸರನ್ನೇ ಕರೆಯುತ್ತಿದ್ದಳು.

“ಅವ್ವ ಕರೀಲಾಕತ್ತಾಳ, ಜಲ್ದಿ ಬಾ. ಇಷ್ಟೇ ಬರೀರಿ ಬಾಯಿ,” ಅಂದಳು ಆರತಿ.

ಲೀಲಾಬಾಯಿ ಅಷ್ಟೇ ಬರೆದರು. ಆರತಿ ಓಡಿದಳು. ಸಂಜೆತನಕ ಉತ್ತರ ಬರಲಿಲ್ಲ. ಫೋನು ಬಂದ್ ಇರಬಹುದು ಅಂದುಕೊಂಡರು.

ಮರುದಿನ ಬೆಳಿಗ್ಗೆ ಏಳಕ್ಕೆ ಆರತಿ ಮತ್ತೆ ಬಂದು ಕೇಳಿದಾಗ ಲೀಲಾಬಾಯಿ ‘ಪಟ್ಟಿ’ ಹೊಡೆದು ನೋಡಿದರು. ಅಶೋಕನ ನಂಬರು 3146. ಸಂದೇಶ ಹೋದದ್ದು 3186ಕ್ಕೆ. ಮುಟ್ಟಿದೆ ಎಂಬ ಗುರುತೂ ಪಕ್ಕದಲ್ಲಿತ್ತು.

ಸರಿಯಾದ ನಂಬರಿಗೆ ಅದೇ ಮಾತನ್ನು ಮತ್ತೆ ಕಳಿಸಿ, ಈಗ ಹೋಯಿತು ನೋಡು ಅಂದರು. ಆರತಿ ಹೋದಮೇಲೆ ಗೋಡೆಗೆ ಅಂಟಿಸಿದ್ದ ಸದಸ್ಯರ ಪಟ್ಟಿಯಲ್ಲಿ 3186 ಯಾರದೆಂದು ಹುಡುಕಿದರು. ದತ್ತಾತ್ರಿ. ಇದೇ ಊರಿನ ಕುರಿಗಾರ. ಅವನ ತಾಯಿ ಸತ್ತು ಒಂದೂವರೆ ವರ್ಷವಾಗಿತ್ತು. ಆಗಿನ್ನೂ ಗುಡ್ಡದ ಮೇಲೆ ಕಂಬ ನಿಂತಿರಲಿಲ್ಲ. ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಆ ಸಲ ಹೋದವನು ಊರಿನ ಕಡೆ ಮತ್ತೆ ಮುಖ ಹಾಕಿರಲಿಲ್ಲ. ಸಂಘದ ಫೋನೂ ಅವನಿಗೆ ಗುಡ್ಡಕ್ಕೇ ಮುಟ್ಟಿತ್ತು.

ಲೀಲಾಬಾಯಿ ಕೀಲಿಮಣೆಯತ್ತ ನೋಡಿದರು. ತಪ್ಪುಗಳ ಜಾತಿ ಅವರಿಗೆ ಗೊತ್ತಿತ್ತು. ಬೆರಳು ಪಕ್ಕದ ಕೀಲಿಗೆ ಜಾರುತ್ತದೆ, ಇಲ್ಲವೆ ಎರಡು ಅಂಕಿ ಹಿಂದುಮುಂದಾಗುತ್ತವೆ. ಇದು ಎರಡೂ ಅಲ್ಲ. ನಾಲ್ಕು ಎಡಗೈಯ ತೋರುಬೆರಳಿನದು, ಎಂಟು ಬಲಗೈಯ ನಡುಬೆರಳಿನದು. ಎಡಗೈ ಸುಮ್ಮನಿದ್ದು ಬಲಗೈ ತಾನಾಗಿ ಹೋಗಿ ಒತ್ತಬೇಕು. ಅಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಅಂಥ ತಪ್ಪು ಮಾಡಿದ್ದನ್ನು ಅವರು ಕಂಡಿರಲಿಲ್ಲ.

ದತ್ತಾತ್ರಿ ಒಂಬತ್ತಕ್ಕೆ ಬಂದ. ಹಿಂದಿನ ಸಂಜೆ ಫೋನು ತೆರೆದು ಓದಿದ್ದನಂತೆ. ಮಂದೆಯನ್ನು ಜೊತೆಯವನಿಗೆ ಒಪ್ಪಿಸಿ, ಔರಾದಕ್ಕೆ ನಡೆದು, ಬೆಳಗಿನ ಮೊದಲ ಬಸ್ಸು ಹಿಡಿದಿದ್ದ. ಬೀಗ ಹಾಕಿದ ತನ್ನ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತನಂತೆ. ಆಮೇಲೆ ಎದುರುಸಾಲಿನಲ್ಲಿ ಜನ ಕೂಡಿದ್ದು ಕಂಡು ಸತ್ಯಮ್ಮನ ಮನೆಯೊಳಗೆ ಹೋದ.

ಹೆಗಲ ಮೇಲೆ ಕಂಬಳಿ, ಮೈತುಂಬ ಕುರಿಯ ವಾಸನೆ. ಸತ್ಯಮ್ಮ ಆ ಕಡೆ ಮುಖ ತಿರುಗಿಸಿ, “ಬಂದ್ಯಾ ಅಶೋಕಾ?” ಅಂದಳು. ದತ್ತಾತ್ರಿ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, “ಬಂದೀನಿ ಅವ್ವ,” ಅಂದ. ನೀರು ಕುಡಿಸಿದ. ಮುದುಕಿ ಅವನ ಕೈ ಹಿಡಿದುಕೊಂಡೇ ಹತ್ತರ ಸುಮಾರಿಗೆ ಹೋದಳು.

ಅಶೋಕಕುಮಾರ ಬಂದದ್ದು ಮಧ್ಯಾಹ್ನ ಒಂದಕ್ಕೆ. ನಡೆದದ್ದನ್ನು ಅವನಿಗೆ ಯಾರೋ ಹೇಳಿದರು. ಮಣ್ಣಿಗೆ ಹೋಗುವಾಗ ದತ್ತಾತ್ರಿ ಹೆಗಲು ಕೊಡಲು ಮುಂದೆ ಬಂದರೆ, ಅಶೋಕ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ.

ಮೂರನೆಯ ದಿನ ಲೀಲಾಬಾಯಿ ಅಶೋಕನ ಮನೆಗೆ ಹೋಗಿ ತಪ್ಪು ತಮ್ಮದೆಂದು ಹೇಳಿದರು. ಅವನು ಕೂಗಾಡಲಿಲ್ಲ. ಒಂದೇ ಮಾತು ಅಂದ.

“ನಮ್ಮವ್ವ ನನ್ನ ಹೆಸರು ಕರ್ದು ಬ್ಯಾರೇದವ್ನ ಕೈಯಾಗಿನ ನೀರು ಕುಡಿದಾಳ್ರಿ. ಇದನ್ನ ನಾ ಹ್ಯಾಂಗ ಮರೀಲಿ?”

ಆರತಿ ಚಹಾ ತಂದಿಟ್ಟಳು, ಅದು ಹಾಗೇ ಆರಿಹೋಯಿತು.

ಮರುದಿನ ಊಟದ ಹೊತ್ತಿಗೆ ಸಂಘದ ಮನೆಯಲ್ಲಿ ಅವರು ಒಬ್ಬರೇ ಇದ್ದಾಗ ದತ್ತಾತ್ರಿ ಬಂದು ಬಾಗಿಲಲ್ಲಿ ನಿಂತ. ಊರು ಬಿಡುವ ಮೊದಲು ತಾಯಿಯ ಮಣ್ಣಿನ ಹತ್ತಿರ ಹೋಗಿ ಕೂತು ಬಂದಿದ್ದ. ಲೀಲಾಬಾಯಿ ಅವನಿಗೂ ಎಲ್ಲ ಹೇಳಿದರು. ಪರದೆಯ ಮೇಲೆ ಆ ಸಾಲನ್ನೂ ತೋರಿಸಿದರು. ನಾಲ್ಕು ಎಲ್ಲಿದೆ, ಎಂಟು ಎಲ್ಲಿದೆ ಎಂದು ಕೀಲಿ ಮುಟ್ಟಿ ತೋರಿಸಿದರು. ಅವನು ಬಾಗಿಲಿಂದಲೇ ಬಗ್ಗಿ ಗಮನವಿಟ್ಟು ನೋಡಿದ.

“ಕೈ ನಿಮ್ದೇ ಇರಬೇಕ್ರಿ ಬಾಯಿ. ನಾ ಇಲ್ಲ ಅನ್ನಾಂಗಿಲ್ಲ. ಖರೆ ಇಷ್ಟು ನಂಬರದಾಗ ನಂದೇ ಯಾಕ ಬಂತು, ಅದನ್ನ ಹೇಳ್ರಿ.”

ದತ್ತಾತ್ರಿ ಚಪ್ಪಲಿ ಬಿಟ್ಟು ಒಳಗೆ ಬಂದ.

“ಒಂದು ಕಳಸ್ರಿ. ಬಂದಿದ್ದೆ ಅವ್ವ, ದತ್ತಾತ್ರಿ, ಅಂತ ಬರೀರಿ.”

ಯಾವ ನಂಬರಿಗೆ ಎಂದು ಲೀಲಾಬಾಯಿ ಕೇಳಿದರು. ಎಲ್ಲಿಂದ ಬಂತೋ ಅಲ್ಲಿಗೇ ಅಂದ. ಬಂದದ್ದು ಲೀಲಾಬಾಯಿಯದೇ ನಂಬರಿನಿಂದ. ಅವರು ಹಾಗೆಯೇ ಹೊಡೆದರು. ಕ್ಷಣದಲ್ಲಿ ಅದು ಅವರ ಪರದೆಗೇ ವಾಪಸ್ ಬಂತು: ಬಂದಿದ್ದೆ ಅವ್ವ, ದತ್ತಾತ್ರಿ. ಅವನಿಗೆ ಸಮಾಧಾನವಾದಂತೆ ಕಂಡಿತು. ಬಸ್ಸಿನ ಹೊತ್ತಾಯಿತು ಎಂದು ಹೋದ.

ಆಮೇಲೆ ಎರಡು ತಿಂಗಳು ಲೀಲಾಬಾಯಿ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ತಾಟಿನ ಅಂಚಿನ ಮೇಲೆ, ಮಡಿಲ ಮೇಲೆ, ಅವರ ಬೆರಳುಗಳು ಆ ನಾಲ್ಕು ಅಂಕಿಗಳನ್ನು ಹೊಡೆಯುತ್ತಲೇ ಇರುತ್ತಿದ್ದವಂತೆ. ಎಷ್ಟು ಸಲ ಹೊಡೆದರೂ 3146 ಸರಿಯಾಗಿಯೇ ಬರುತ್ತಿತ್ತು. ಇದು ಗುರುನಾಥ ಹೇಳಿದ್ದು. ಹಿಂದಿನಿಂದ ಯಾರಾದರೂ ಕರೆದರೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರಂತೆ. ಕೊನೆಗೆ ವಿನೀತ ಚಿದ್ರಿಯಿಂದ ಬಂದು ವ್ಯವಸ್ಥೆ ಬದಲಿಸಿದ. ಈಗ ನಂಬರು ಹೊಡೆದರೆ ಆ ಸದಸ್ಯನ ಹೆಸರು ಕಾಣುತ್ತದೆ, ಹೌದು ಅನ್ನದೆ ಸಂದೇಶ ಹೊರಡುವುದಿಲ್ಲ. ಹಳೆಯ ಸಂದೇಶಗಳನ್ನು ಅಳಿಸಿ ಜಾಗ ಮಾಡಲೇ ಎಂದು ಅವನು ಕೇಳಿದ. ಲೀಲಾಬಾಯಿ ಬೇಡ ಅಂದರು. ಹೆಂಗಸರು ಕಾದಿದ್ದರು, ಅವರು ಮತ್ತೆ ಬರೆಯಲು ಕೂತರು.

ಅಶೋಕಕುಮಾರ ಎರಡು ವರ್ಷ ಅವರೊಡನೆ ಮಾತಾಡಲಿಲ್ಲ. ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದ. ಕಳೆದ ತಿಂಗಳು ಒಂದು ಮಧ್ಯಾಹ್ನ ಸಂಘದ ಮನೆಗೆ ತಾನೇ ಬಂದು, ಅಂದಿನ ಆ ಸಾಲು ಇನ್ನೂ ಇದೆಯೇ ಎಂದು ಕೇಳಿದ. ಅವರು ಹುಡುಕಿ ತೋರಿಸಿದರು. ತಪ್ಪಾಗಿ ಹೋದದ್ದು, ಮರುದಿನ ತನಗೆ ಬಂದದ್ದು, ಎರಡನ್ನೂ ನಿಂತೇ ಓದಿದ. ದತ್ತಾತ್ರಿಯ ಉತ್ತರವೂ ಕಣ್ಣಿಗೆ ಬಿತ್ತು. ಅದನ್ನು ಎರಡು ಸಲ ಓದಿದ.

“ಇರ್ಲಿ ಬಿಡ್ರಿ, ಅಳಸಬ್ಯಾಡ್ರಿ,” ಅಂದ.

ಅಷ್ಟು ಹೇಳಿ ಹೊರಗೆ ಹೋದವನು ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದ. ಒಳಗೆ ಒಬ್ಬ ಹೆಂಗಸು ಗಂಡನಿಗೆ ಬರೆಸಲು ಬಂದು ಕೂತಳು. ಲೀಲಾಬಾಯಿ ನಂಬರು ಹೊಡೆದರು, ಪರದೆಯ ಮೇಲೆ ಬಂದ ಹೆಸರನ್ನು ಗಟ್ಟಿಯಾಗಿ ಓದಿದರು, ಇವನೇ ಹೌದಲ್ಲವೇ ಎಂದು ಅವಳನ್ನು ಕೇಳಿದರು. ಹೌದು ಅಂದಳು. ಮತ್ತೊಮ್ಮೆ ಕೇಳಿದರು.