ಹದಿಮೂರನೆಯ ಉಯಿಲಿನ ಸಾಕ್ಷಿ

ಲಾಯರಮ್ಮನ ಕಚೇರಿಯಲ್ಲಿ ಅವನ ಕೆಲಸ ಇಂಥದ್ದೇ ಎಂದು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಬೆಳಿಗ್ಗೆ ಬೀಗ ತೆಗೆಯುವವನು ಅವನೇ, ಫೈಲುಗಳಿಗೆ ದಾರ ಕಟ್ಟುವವನೂ ಅವನೇ. ಆದರೆ ಅವನ ಹೆಗ್ಗಳಿಕೆ ಇದ್ದದ್ದು ಬೇರೆ ಕಡೆ. ಅದು ಶ್ರೀಮಂತರ ತೆರಿಗೆ, ಆಸ್ತಿ, ಉಯಿಲುಗಳನ್ನು ನೋಡಿಕೊಳ್ಳುವ ಕಚೇರಿ. ಉಯಿಲು ಬರೆಸಿದವರು ಸಹಿ ಹಾಕುವುದನ್ನು ಇಬ್ಬರು ಕಣ್ಣಾರೆ ಕಂಡು, ಕೆಳಗೆ ತಾವೂ ಸಹಿ ಹಾಕಬೇಕು. ಆ ಇಬ್ಬರಲ್ಲಿ ಒಬ್ಬ, ಇಪ್ಪತ್ತೊಂಬತ್ತು ವರ್ಷಗಳಿಂದ, ಇವನೇ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಎಲ್ಲರ ಬಾಯಲ್ಲೂ ಅವನು ಸಾಕ್ಷಪ್ಪನಾಗಿಬಿಟ್ಟಿದ್ದ.

ಸಹಿಯಂತೂ ನೋಡುವ ಹಾಗಿತ್ತು. ಹಾಕುವ ಮೊದಲು ಪೆನ್ನನ್ನು ಗಾಳಿಯಲ್ಲಿ ಎರಡು ಸುತ್ತು ಸುತ್ತಿಸುವನು. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಬಂದು ಇಡೀ ಹೆಸರಿನ ಕೆಳಗೆ ಹಾಸಿಕೊಳ್ಳುತ್ತಿತ್ತು. ಸಾಕ್ಷಿಗೆ ಒಳಗೇನಿದೆ ಎಂಬುದು ತಿಳಿಯಬೇಕಾಗಿಲ್ಲವಲ್ಲ. ಹಾಗಾಗಿ ಮೇಲಿನ ಬರಹ ಕಾಣದಂತೆ ತಾನೇ ಒಂದು ರಟ್ಟು ಮುಚ್ಚಿ, ಆಮೇಲೆ ಸಹಿ ಹಾಕುತ್ತಿದ್ದ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಇಣುಕಿದವನಲ್ಲ.

ಅವನ ಕೈಯಲ್ಲಿ ಅತಿ ಹೆಚ್ಚು ಸಹಿ ಹಾಕಿಸಿದವರು ಬಂಗಲೆ ಅಮ್ಮ. ಎಪ್ಪತ್ತೊಂಬತ್ತರ ವಿಧವೆ. ತೀರಿಕೊಂಡ ಗಂಡ ಮಾಡಿಟ್ಟದ್ದು ಬಂಗಲೆ, ಎರಡು ಗೋದಾಮು, ಪೇಟೆ ಬೀದಿಯಲ್ಲಿ ಸಾಲಾಗಿ ಒಂಬತ್ತು ಮಳಿಗೆ, ಜೊತೆಗೆ ಕಂತೆಗಟ್ಟಲೆ ಷೇರು. ಕಾಲವೋ, ನಾಳೆ ಏನೆಂದು ಯಾರಿಗೂ ಗೊತ್ತಿಲ್ಲದ ಕಾಲ. ಬ್ಯಾಂಕೊಂದು ಮುಳುಗುತ್ತದಂತೆ ಎಂದು ಸುದ್ದಿ ಬಂದರೆ ಸಾಕು, ಅಮ್ಮ ಕಾರು ಹತ್ತಿ ಬಂದು ಉಯಿಲು ತಿದ್ದಿಸುವರು. ಸತ್ತವರ ಆಸ್ತಿಗೂ ತೆರಿಗೆ ಹಾಕುತ್ತಾರಂತೆ ಎಂದಾಗ ಗೋದಾಮುಗಳು ಟ್ರಸ್ಟಿಗೆ ಹೋದವು. ಹಾಕುವುದಿಲ್ಲವಂತೆ ಎಂದಾಗ ಮಕ್ಕಳ ಹೆಸರಿಗೆ ವಾಪಸು ಬಂದವು. ಎಲ್ಲೋ ಯುದ್ಧ ಶುರುವಾದರೆ ಇಲ್ಲಿ ಸಾಕ್ಷಪ್ಪ ಪೆನ್ನಿನ ಮುಚ್ಚಳ ತೆಗೆಯಬೇಕು. ಹೀಗೆ ಹನ್ನೊಂದು ಉಯಿಲು ಆಗಿದ್ದವು.

ಪ್ರತಿ ಸಲವೂ ಅವರನ್ನು ಮೆಟ್ಟಿಲಿಳಿಸಿ ಕಾರಿನವರೆಗೆ ಕರೆದೊಯ್ಯುವವನು ಅವನೇ. "ಕೆಮ್ಮು ಹೇಗಿದೆ ಅಮ್ಮಾ?" ಎಂದು ಕೇಳುವನು. ಅಮ್ಮ ಪ್ರತಿ ಮೆಟ್ಟಿಲಿಗೂ ನಿಂತು ವರದಿ ಒಪ್ಪಿಸುವರು. ಅವರ ಮೂವರು ಮಕ್ಕಳೂ ಫೋನಿನಲ್ಲಿ ಕೇಳುತ್ತಿದ್ದದ್ದು ಷೇರಿನ ವಿಚಾರ. ಕೆಮ್ಮನ್ನು ಕೇಳುವವನು ಸಾಕ್ಷಪ್ಪ ಒಬ್ಬನೇ.

ಹನ್ನೆರಡನೆಯ ಉಯಿಲಿನ ದಿನ ಅವನು ಎಂದಿನಂತೆ ರಟ್ಟು ಹಿಡಿದು ಒಳಗೆ ಹೋದ. ಲಾಯರಮ್ಮ ತಲೆ ಎತ್ತಲಿಲ್ಲ.

"ಸಾಕ್ಷಪ್ಪ, ಇವತ್ತು ನೀವು ಬೇಡ. ಕೆಳಗಡೆ ಔಷಧಿ ಅಂಗಡಿಯವರನ್ನ ಸ್ವಲ್ಪ ಕರೀರಿ."

ಬೇರೆಯವನಾಗಿದ್ದರೆ ಏನು ತಪ್ಪಾಯಿತೋ ಎಂದು ಕಂಗಾಲಾಗುತ್ತಿದ್ದ. ಇವನು ಇಪ್ಪತ್ತೊಂಬತ್ತು ವರ್ಷ ಅದೇ ಕಚೇರಿಯ ಗಾಳಿ ಕುಡಿದವನು. ಉಯಿಲಿನಲ್ಲಿ ಯಾರಿಗೆ ಏನಾದರೂ ಬರೆದಿದೆಯೋ ಅವರು ಅದಕ್ಕೆ ಸಾಕ್ಷಿ ಹಾಕುವಂತಿಲ್ಲ. ಹಾಕಿದರೆ ಅವರ ಪಾಲು ಕೈತಪ್ಪುತ್ತದೆ. ಸಾಕ್ಷಪ್ಪ ಬೇಡ ಎಂದರೆ ಅರ್ಥ ಒಂದೇ. ಅವನು ಔಷಧಿ ಅಂಗಡಿಗೆ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ.

ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಬಾಡಿಗೆ ಮನೆಯ ಜಗಲಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಊರವರ ಬಟ್ಟೆ ಹೊಲಿಯುವವಳು. ಗಾಳಿ ಬೀಸಿದರೆ ಬಟ್ಟೆಯ ತುಂಡು ಬೀದಿಗೆ ಹಾರುತ್ತಿತ್ತು. ನಾಲ್ಕು ಗೋಡೆ, ಒಂದು ಬಾಗಿಲು ಇರುವ ಅಂಗಡಿ ಬೇಕೆಂಬುದು ಅವಳ ಇಪ್ಪತ್ತು ವರ್ಷದ ಆಸೆ.

"ಏನು ಬರ್ದಿರಬಹುದು ರೀ?"

"ನನಗೇನು ಗೊತ್ತು? ಒಂಬತ್ತು ಮಳಿಗೆ ಇವೆ. ಮಕ್ಕಳು ಮೂವರು."

"ಮೂರ್ಮೂರು ಹಂಚಿದ್ರೆ ಮುಗೀತಲ್ಲ."

"ಹಾಗಾದ್ರೆ ನನ್ನನ್ನ ಯಾಕೆ ಹೊರಗೆ ಕಳಿಸಿದ್ರು?"

ಅಲ್ಲಿಗೆ ಮಳಿಗೆ ಗಟ್ಟಿಯಾಯಿತು. ವಾರದೊಳಗೆ ಅವಳು ಮೂಲೆಯ ಮಳಿಗೆಯನ್ನು ಹೊರಗಿನಿಂದ ಹೆಜ್ಜೆಯಲ್ಲಿ ಅಳೆದು ಬಂದಳು. ಕನ್ನಡಿ ಎಲ್ಲಿ, ಬಟ್ಟೆಯ ಕಪಾಟು ಎಲ್ಲಿ ಎಂಬುದೂ ತೀರ್ಮಾನವಾಯಿತು. ಸದ್ಯ ಅಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನನ್ನು ಕಂಡು ಅವಳಿಗೆ ಆಗಲೇ ಅಯ್ಯೋ ಪಾಪ ಅನಿಸತೊಡಗಿತ್ತು.

ಆದರೆ ಸಾಕ್ಷಪ್ಪನಿಗೆ ಒಂದು ತೊಡಕು ಶುರುವಾಯಿತು. ಮುಂದಿನ ತಿಂಗಳು ಅಮ್ಮ ಯಾವುದೋ ಕಾಗದಕ್ಕೆ ಬಂದರು. ಮೆಟ್ಟಿಲಿಳಿಸುವಾಗ "ಕೆಮ್ಮು" ಎಂಬ ಮಾತು ಎತ್ತಲಾಗಲಿಲ್ಲ. ಕೆಮ್ಮು ಕಡಿಮೆಯಾಗಿದೆ ಎಂದರೆ ಮಳಿಗೆ ದೂರ, ಜಾಸ್ತಿಯಾಗಿದೆ ಎಂದರೆ ಹತ್ತಿರ. ಇಷ್ಟು ದಿನ ಸುಮ್ಮನೆ ಕೇಳುತ್ತಿದ್ದದ್ದನ್ನು ಈಗ ಹೇಗೆ ಕೇಳುವುದು? "ಬಿಸಿಲು ಜೋರು" ಎಂದ. ಅಮ್ಮ ಅವನ ಮುಖ ನೋಡಿದರು. ಮುಂದಿನ ತಿಂಗಳೂ ಬಿಸಿಲೇ. ಅದರ ಮುಂದಿನ ತಿಂಗಳು ಮೋಡವಿತ್ತು, ಮೋಡದ ಮಾತಾಡಿದ.

ಒಂದು ಭಾನುವಾರ ಬೆಳಿಗ್ಗೆ ಹಾಲಿನವನು ಬಂದು, ಬಂಗಲೆಯ ಮುಂದೆ ಆಂಬುಲೆನ್ಸ್ ನಿಂತಿದೆ ಎಂದ. ಸಾಕ್ಷಪ್ಪನ ಎದೆಯೊಳಗೆ ಏನೋ ಚಂಗನೆ ನೆಗೆಯಿತು. ಅದು ದುಃಖವಲ್ಲ. ದುಃಖ ಆಮೇಲೆ ಬಂತು, ನಾಚಿಕೆ ಅದರ ಹಿಂದೆ. ಅವನು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದ. ಆಂಬುಲೆನ್ಸ್ ಪಕ್ಕದ ಮನೆಗೆ ಬಂದದ್ದು. ಯಾರೋ ಸ್ನಾನದ ಮನೆಯಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ಬಂಗಲೆ ಅಮ್ಮ ಗೇಟಿನ ಬಳಿ ನಿಂತು ಚಾಲಕನಿಗೆ ಗಾಡಿ ಹಿಂದಕ್ಕೆ ತೆಗೆಯುವುದು ಹೇಗೆಂದು ಪಾಠ ಹೇಳುತ್ತಿದ್ದರು. ಅವರ ಕಣ್ಣಿಗೆ ಬೀಳದೆ ಸಾಕ್ಷಪ್ಪ ಮರಳಿದ.

ಹೆಂಡತಿ ಮಷಿನ್ ಮುಂದೆ ಸುಮ್ಮನೆ ಕೂತಿದ್ದಳು.

"ಅವರಲ್ಲ. ಪಕ್ಕದ ಮನೆಯವರು," ಎಂದ.

"ಒಳ್ಳೇದಾಯ್ತು," ಎಂದವಳು ಕತ್ತರಿ ಕೆಳಗಿಟ್ಟು, "ರೀ, ನನಗೆ ಮೊದಲು ಮೂಲೆ ಅಂಗಡಿ ಕಣ್ಮುಂದೆ ಬಂತು. ಆಮೇಲೆ ಅವರು ನೆನಪಾದ್ರು. ಎಂಥ ಹೆಂಗಸು ರೀ ನಾನು," ಎಂದು ಅತ್ತೇಬಿಟ್ಟಳು.

"ನನಗೂ ಹಾಗೇ ಆಯ್ತು ಕಣೇ."

ಇಬ್ಬರೂ ಜಗಲಿಯಲ್ಲಿ ಕೂತರು. ಗಾಳಿಗೆ ಒಂದು ತೋಳಿನ ತುಂಡು ಬೀದಿಗೆ ಹಾರಿತು. ಅವಳೇ ಎದ್ದು ತಂದಳು.

"ಅವರು ಮತ್ತೆ ವಿಲ್ ಬದಲಾಯಿಸ್ತಾರೆ ಅಲ್ವಾ?"

"ಬದಲಾಯಿಸದೆ ಇರ್ತಾರಾ? ಬಜೆಟ್ ಬರ್ತಾ ಇದೆ."

"ಹಾಗಾದ್ರೆ ಈ ಸಲ ನೀವೇ ಸೈನ್ ಹಾಕಿಬಿಡಿ. ನಾನು ಇಲ್ಲೇ ಹೊಲೀತೀನಿ. ಜಗಲಿಗೆ ಒಂದು ಪರದೆ ಕಟ್ಟಿದ್ರೆ ಗಾಳಿ ಬರಲ್ಲ."

ಬಜೆಟ್ ಬಂತು, ಅದರ ಬೆನ್ನಿಗೇ ಬಂಗಲೆ ಅಮ್ಮನೂ ಬಂದರು. ಹದಿಮೂರನೆಯ ಉಯಿಲು ಮೇಜಿನ ಮೇಲಿತ್ತು. ಔಷಧಿ ಅಂಗಡಿಯವರು ಬಂದು ಕೂತಿದ್ದರು. ಎರಡನೆಯ ಸಾಕ್ಷಿಯಾಗಿ ಮೂರನೇ ಮಹಡಿಯ ದಂತವೈದ್ಯರು ಬರಬೇಕಿತ್ತು. ಸಾಕ್ಷಪ್ಪ ರಟ್ಟು ಹಿಡಿದು ಒಳಗೆ ಬಂದ.

"ನಾನೇ ಹಾಕ್ತೀನಿ ಮೇಡಂ."

ಲಾಯರಮ್ಮ ಕನ್ನಡಕ ತೆಗೆದರು. "ಹಾಕಿದ್ರೆ ಏನಾಗತ್ತೆ ಅಂತ ನಿಮಗೆ ಗೊತ್ತಲ್ಲ?"

"ಗೊತ್ತು ಮೇಡಂ."

"ಏನು ಬರೆದಿದೀನಿ ಅಂತ ಕೇಳಲ್ವೇನಪ್ಪ?" ಎಂದರು ಬಂಗಲೆ ಅಮ್ಮ.

"ದಯವಿಟ್ಟು ಹೇಳ್ಬೇಡಿ ಅಮ್ಮಾ. ಹೇಳಿದ್ರೆ ನನ್ನ ಕೈ ನಡುಗತ್ತೆ."

ಅಮ್ಮ ಸಹಿ ಹಾಕಿದರು, ಔಷಧಿ ಅಂಗಡಿಯವರೂ ಹಾಕಿದರು. ಆಮೇಲೆ ಅಮ್ಮ ತಾವೇ ರಟ್ಟನ್ನು ತೆಗೆದುಕೊಂಡು ಬರಹದ ಮೇಲೆ ಮುಚ್ಚಿ ಹಿಡಿದರು. ಪೆನ್ನು ಗಾಳಿಯಲ್ಲಿ ಎರಡು ಸುತ್ತು ಸುತ್ತಿತು. ಕೊನೆಯ ಅಕ್ಷರದ ಬಾಲ ಎಂದಿಗಿಂತ ಉದ್ದವಾಗಿ ಬಂದು, ಔಷಧಿ ಅಂಗಡಿಯವರ ಹೆಸರಿಗೂ ಸ್ವಲ್ಪ ತಾಗಿತು.

ಮೆಟ್ಟಿಲಿನ ತಲೆಯಲ್ಲಿ ಅವನು ಅಮ್ಮನ ಕೈ ಹಿಡಿದುಕೊಂಡ. ಒಂದು ಮೆಟ್ಟಿಲಿಳಿದ ಮೇಲೆ ಕೇಳಿದ.

"ಕೆಮ್ಮು ಹೇಗಿದೆ ಅಮ್ಮಾ?"

ಅಮ್ಮ ನಿಂತರು. "ಐದು ತಿಂಗಳಾಯ್ತು ನೀನು ಇದನ್ನ ಕೇಳಿ," ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಐದು ತಿಂಗಳ ಕೆಮ್ಮನ್ನು ಮೊದಲಿನಿಂದ ಹೇಳಲು ಶುರುಮಾಡಿದರು. ಇದ್ದದ್ದು ಹದಿನೆಂಟೇ ಮೆಟ್ಟಿಲು. ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು.