ಮೋತಿಯ ಪೆಟ್ಟಿಗೆಗೆ ನನ್ನ ಮೊಳ

ನನ್ನ ಅಂಗಿಯ ಅಳತೆಯೇ ನನಗೆ ಇವತ್ತಿಗೂ ನೆಟ್ಟಗೆ ಗೊತ್ತಿಲ್ಲ. ದರ್ಜಿ ಟೇಪು ಹಿಡಿದು ಬಂದಾಗ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಲ್ಲುವುದು, ಆಮೇಲೆ ಅಂಗಿ ಬಿಗಿಯಾಯಿತೆಂದು ಅವನನ್ನೇ ಬಯ್ಯುವುದು ನನ್ನ ಹಳೆಯ ಚಾಳಿ. ಇಂಥವನು ಒಮ್ಮೆ ನಾಯಿಯ ಅಳತೆ ಹಿಡಿಯಲು ಹೊರಟಿದ್ದೆ ಎಂದರೆ ನೀವು ನಗುವುದೇ ಸರಿ.

ಆಗ ನಿಜಾಮರ ರಾಜ್ಯ. ಲಿಂಗಸುಗೂರಿನ ತಹಸೀಲು ಕಚೇರಿಯಲ್ಲಿ ಉರ್ದು ಕಾಗದಗಳನ್ನು ನಕಲು ಮಾಡುತ್ತ ನಾಲ್ಕು ವರ್ಷ ಕೂತಿದ್ದ ನನಗೆ ಸಿಂಧನೂರಿಗೆ ವರ್ಗವಾಗಿ ಹುಕುಂ ಬಂತು. ಸಾಮಾನು ಬಂಡಿಯಲ್ಲಿ, ನಾನು ಮತ್ತು ಹೆಂಡತಿ ಶಿವಮ್ಮ ಮೋಟರಿನಲ್ಲಿ ಎಂದು ಠರಾಯಿಸಿದೆ. ತೊಡಕು ಬಂದದ್ದು ಮೋತಿಯದು. ಮೋತಿ ಎಂದರೆ ನಮ್ಮ ಅಂಗಳದ ನಾಯಿ. ಹೆಸರು ಮುತ್ತಿನದು, ಬಣ್ಣ ಕೆಸರಿನದು. ಮೋಟರಿನವನು ಖಡಾಖಂಡಿತವಾಗಿ ಹೇಳಿಬಿಟ್ಟ: “ನಾಯಿ ಮಂದಿ ಸಂಗಾಟ ಕುಂದ್ರಂಗಿಲ್ರಿ ಸಾಹೇಬ್ರ. ಪೆಟಗ್ಯಾಗ ಹಾಕಿ ಕೊಡ್ರಿ, ಮ್ಯಾಲ ಇಟಗೊಂಡು ಒಯ್ತೀನಿ.”

“ಇಲ್ಲೇ ಬಿಟ್ಟು ಹೋಗೋಣಂತ” ಎಂದು ಮನೆಯಲ್ಲಿ ಬಾಯಿಬಿಟ್ಟೆ.

“ಅದು ಬರಂಗಿಲ್ಲಂದ್ರ ನಾನೂ ಬರಂಗಿಲ್ರಿ” ಎಂದಳು ಶಿವಮ್ಮ. “ನೀವು ಮುಂಜಾನೆ ಹೋದ್ರ ದೀಪ ಹಚ್ಚೋ ಹೊತ್ತಿಗೆ ಬರ್ತೀರಿ. ಬಂದ್ರೂ ಕಾಗದದಾಗ ಮಾರಿ ಇಟಗೊಂಡು ಕುಂದರ್ತೀರಿ. ನಾ ಮಾತಾಡಾದು ಯಾರ ಕೂಡ?”

ಚುರುಕ್ಕೆಂದಿತು. ಅವಳು ತವರಿಗೆ ಹೋಗಿಯೇಬಿಡುವವಳು ಎಂಬುದು ನನಗೆ ಗೊತ್ತಿತ್ತು. ಎಲ್ಲರೂ ಬಂಡಿಯಲ್ಲೇ ಹೋಗೋಣವೆಂದು ಅವಳೇ ಒಂದು ದಾರಿಯನ್ನೂ ಸೂಚಿಸಿದಳು. ಆದರೆ ಕಚೇರಿಯ ಅಹಲ್ಕಾರ, ಅಂದರೆ ಗುಮಾಸ್ತನಾದವನು ಹೊಸ ಊರಿನಲ್ಲಿ ಬಂಡಿಯಿಂದ, ನಾಯಿ ಸಮೇತ ಇಳಿಯುವುದೆಂದರೇನು! ಹಟ್ಟಿಯ ಚಿನ್ನದ ಗಣಿಯ ಬಿಳಿ ದೊರೆಯೊಬ್ಬನ ನಾಯಿ ಪಟ್ಟಿ ಬಡಿದ ಪೆಟ್ಟಿಗೆಯೊಳಗೆ ಕೂತು ಮೋಟರಿನಿಂದ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಪೆಟ್ಟಿಗೆಯಲ್ಲಿ ಬಂದರೆ ಬೀದಿನಾಯಿಗೂ ಒಂದು ಘನತೆ. ಅದರ ಯಜಮಾನನಿಗೆ ಎರಡು.

ಅಳತೆ ಹಿಡಿಯಲು ಕೂತಾಗ ಕಷ್ಟ ತಿಳಿಯಿತು. ಯಾವ ನಾಯಿಯನ್ನು ಅಳೆಯಬೇಕು? ನಿಂತ ನಾಯಿಯನ್ನೋ, ಕೂತದ್ದನ್ನೋ, ಮಲಗಿದ್ದನ್ನೋ? ನಿಂತರೆ ಕಿವಿ ತಾಗಬಾರದು, ಮಲಗಿದರೆ ಕಾಲು ಚಾಚಲು ಬರಬೇಕು. ಮಲಗುವ ಮೊದಲು ಮೂರು ಸುತ್ತು ತಿರುಗುತ್ತದಲ್ಲ, ಆ ಸುತ್ತಿಗೆಷ್ಟು ಜಾಗ? ಬಾಲವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? ನಾನು ದಾರ ಹಿಡಿದು ಬಗ್ಗಿದಾಗಲೆಲ್ಲ ಮೋತಿ ಅದು ಆಟವೆಂದು ತಿಳಿದು ಇನ್ನೊಂದು ತುದಿ ಕಚ್ಚಿಕೊಂಡು ಓಡುತ್ತಿತ್ತು.

ಕೊನೆಗೆ ಬಡಿಗೇರ ಮೌನಪ್ಪನನ್ನು ಕರೆಸಿದೆ. ಅವನು ನಾಯಿಯ ಕಡೆ ನೋಡಲೇ ಇಲ್ಲ. “ಸಾಹೇಬ್ರ, ಕೈ ಚಾಚ್ರಿ” ಎಂದು ನನ್ನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಕಡ್ಡಿ ಹಿಡಿದು ಮುರಿದುಕೊಂಡ.

“ಪೆಟಗಿ ನಾಯೀದೋ ಮೌನಪ್ಪ.”

“ಇರಾವ ಯಾರರ ಇರಲ್ರಿ, ಅಳತಿ ಯಜಮಾನನ ಮೊಳದ್ದು. ನಮ್ಮಪ್ಪಗೋಳು ಮಾಡಿದ್ದು ಹಂಗ, ನಾನೂ ಹಂಗ.”

ಮನೆ ಕಟ್ಟುವಾಗ ಆಯ ನೋಡುವ ಪದ್ಧತಿ ನಿಮಗೆ ತಿಳಿದಿರಬಹುದು. ಯಜಮಾನನ ಮೊಳದಲ್ಲಿ ಉದ್ದಗಲ ಅಳೆದು, ಏನೇನೋ ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಒಂದು ಉಳಿದರೆ ಧ್ವಜ, ಮೂರಕ್ಕೆ ಸಿಂಹ, ಐದಕ್ಕೆ ವೃಷಭ, ಏಳಕ್ಕೆ ಗಜ, ಇವು ಶುಭ. ಸರಿಸಂಖ್ಯೆಗಳೆಲ್ಲ ಕೆಟ್ಟವು. ಶಾಸ್ತ್ರ ಮಾಡಿದವರಿಗೆ ಮನುಷ್ಯರ ಮನೆಗೆ ಇಷ್ಟು ಪ್ರಾಣಿಗಳು ಯಾಕೆ ಬೇಕಾದವೋ! ಮೌನಪ್ಪ ನೆಲದ ಮೇಲೆ ಇದ್ದಿಲಿನಿಂದ ಗೀಚಿದ, ಅಳಿಸಿದ. ಸಣ್ಣ ಅಳತೆ ಯಾವುದೂ ಕೂಡಿಬರಲಿಲ್ಲ. ಉದ್ದ ಬೆಳೆಯಿತು, ಅದಕ್ಕೆ ತಕ್ಕಂತೆ ಅಗಲವೂ ಬೆಳೆಯಿತು. ಕೊನೆಗೆ ಗಜಾಯಕ್ಕೆ ಬಂದು ನಿಂತಾಗ ಅವನ ಮುಖದಲ್ಲಿ ಕಂಡ ಸಂತೋಷಕ್ಕೆ ನಾನು ಎದುರಾಡಲಾರದೆ ಹೋದೆ.

ಹೊರಡುವ ದಿನ ಆ ಪೆಟ್ಟಿಗೆಯನ್ನು ಮೋಟರಿನ ತನಕ ಸಾಗಿಸಲು ಸಾಮಾನಿನ ಬಂಡಿಯೇ ಬೇಕಾಯಿತು. ಮೋಟರಿನವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಇದರಾಗ ನಾಯಿ ಬರ್ತೈತೋ ಎಮ್ಮಿ ಬರ್ತೈತೋ? ಇದನ್ನ ಇಟ್ರ ಮಂದಿ ಗಂಟು ಎಲ್ಲಿಡ್ಲಿ?” ಎಂದವನು, ನನ್ನ ಉತ್ತರಕ್ಕೂ ಕಾಯದೆ ಧೂಳೆಬ್ಬಿಸಿಕೊಂಡು ಹೋದ.

ಶಿವಮ್ಮ ಸೀರೆ ಎತ್ತಿ ಸಿಕ್ಕಿಸಿ ಬಂಡಿ ಹತ್ತಿದಳು. ನಾನೂ ಹತ್ತಿದೆ. ಮೋತಿ ಯಾರೂ ಹೇಳಿಕೊಡದೆ ಎರಡು ಗಾಲಿಗಳ ನಡುವಿನ ನೆರಳಿಗೆ ಸೇರಿಕೊಂಡು ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕಿತು. ನಮ್ಮ ಕಡೆಯ ನಾಯಿಗಳು ದೂರದ ಊರಿಗೆ ಹೋಗುವುದೇ ಹಾಗೆ. ಇದು ನನಗೆ ಮೊದಲೇ ಗೊತ್ತಿತ್ತು. ದೊರೆಯ ನಾಯಿಯನ್ನು ಕಂಡ ಮೇಲೆ ಮರೆತುಹೋಗಿತ್ತು.

ಮಸ್ಕಿ ಇನ್ನೂ ಒಂದು ಹರದಾರಿ ಇರುವಾಗ ಬಿಸಿಲು ನೆತ್ತಿಗೇರಿತು. ಕೂರಲಾಗದೆ ನಾನು ಪೆಟ್ಟಿಗೆಯೊಳಗೆ ಇಳಿದು ಮಲಗಿದೆ. ಏನು ಹೇಳಲಿ! ಮೊಣಕಾಲು ಒಂದಿಷ್ಟು ಮಡಚಿದರೆ ಸಾಕು, ತಲೆಯಿಂದ ಪಾದದವರೆಗೆ ನನಗೆ ಹೊಲಿಸಿದಂತಿತ್ತು.

ಮೇಲೆ ಶಿವಮ್ಮನ ದನಿ ಕೇಳುತ್ತಿತ್ತು. ಬಂಡಿಯ ಅಂಚಿನಿಂದ ಬಗ್ಗಿ ಮೋತಿಗೆ ಹೇಳುತ್ತಿದ್ದಳು: ಹೊಸ ಊರಲ್ಲಿ ನೀರು ಹೇಗಿರುತ್ತದೋ, ನೆರೆಯವರು ಎಂಥವರೋ, ತನಗೆ ಒಳಗೊಳಗೇ ಹೆದರಿಕೆ ಇದೆ ಎಂದು. ವರ್ಗದ ಸುದ್ದಿ ಬಂದು ಇಷ್ಟು ದಿನವಾದರೂ ಈ ಹೆದರಿಕೆಯ ಮಾತನ್ನು ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ನಾಚಿಕೆಯಾಯಿತು.

ಅವಳು ಇಣುಕಿ ನೋಡಿ, ಹುಕುಂ ಬಂದಾಗಿನಿಂದ ಮೊದಲ ಸಲ ನಕ್ಕಳು. “ಅಳತಿ ಬರೋಬ್ಬರಿ ಕುಂತೈತಿ ನೋಡ್ರಿ. ಬಿಸಲು ಬಡೀತೈತಿ, ಮುಚ್ಚಳ ಹಾಕ್ಲೇನು?”

“ಹಾಕಬ್ಯಾಡ” ಎಂದೆ. “ನೀ ಮಾತಾಡಾದು ಕೇಳಸಂಗಿಲ್ಲ.”